ದೊಡ್ಡದಾದ ದೀಪ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಸುರಪುರದ ಗುಡ್ಡದ ಬುಡದಲ್ಲಿದ್ದ ಆ ಎರಡು ಖೋಲಿಯ ಮನೆಯಲ್ಲಿ ನನ್ನನ್ನು ಬೆಳೆಸಿದವರು ಕಾಕಾ ಮತ್ತು ಚಿಗವ್ವ. ಅಪ್ಪನಿಗೆ ನಾವು ನಾಲ್ಕು ಹೆಣ್ಣು, ಅವನ ತಮ್ಮನಿಗೆ ಒಂದೂ ಇಲ್ಲ. ಮೂರನೆಯವಳಾದ ನನ್ನನ್ನು ಅವರ ಪಾಲಿಗೆ ಬಿಟ್ಟರು. ಚಿಗವ್ವ ಉಣ್ಣಿಸಿದ್ದೂ ಹೊಡೆದದ್ದೂ ಒಂದೇ ಕೈಯಿಂದ, ಎರಡರಲ್ಲೂ ಅವಳದು ಜಿಪುಣ ಕೈಯಲ್ಲ.

ಏಳನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಓದು ಮುಗಿಸಿ, "ಚಿಗವ್ವಾ, ದೀಪ ಆರಸ್ಲೇನು?" ಅಂದೆ. ರೊಟ್ಟಿ ಬಡಿಯುತ್ತಿದ್ದ ಕೈ ಹಿಟ್ಟಿನ ಸಮೇತ ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಅಂದಿತು.

"ಆರಸ್ತಾಳಂತ! ಯಾರ ಮನಿ ದೀಪ ಆರಸ್ತಿ? ದೊಡ್ಡದು ಮಾಡ್ಲೇನು ಅಂತ ಕೇಳಾಕ ಬಾಯಿಗೆ ಏನಾಗ್ಯಾದ ನಿನಗ?"

ನಮ್ಮ ಕಡೆ ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಆರುವುದು ವಂಶ, ಆರುವುದು ಜೀವ. ದೀಪದ ವಿಷಯದಲ್ಲಿ ಆ ಅಪಶಕುನದ ಮಾತು ಬಾಯಿಗೆ ಬರಬಾರದೆಂದು ಹಿರಿಯರು ಮಾತನ್ನೇ ತಿರುವಿ ಹಾಕಿದ್ದಾರೆ. ಕರೆಂಟು ಬಂದ ಮೇಲೂ ಚಿಗವ್ವನಿಗೆ ಅದೇ ರೂಢಿ. ಸ್ವಿಚ್ ಕಡೆ ಬೊಟ್ಟು ಮಾಡಿ, "ಆ ಲೈಟ್ ದೊಡ್ಡದು ಮಾಡು" ಅನ್ನುತ್ತಿದ್ದಳು. ವಿಜ್ಞಾನದಲ್ಲಿ ಹೆಚ್ಚು ಅಂಕ ತೆಗೆಯುತ್ತಿದ್ದ ನನಗೆ ಇದು ಮೈ ಉರಿಸುತ್ತಿತ್ತು. ಕತ್ತಲಾಗುವುದಕ್ಕೆ ದೊಡ್ಡದು ಅನ್ನುವವರು ಹುಚ್ಚರೆಂದು ಅವಳ ಮುಖಕ್ಕೇ ಹೇಳಿ ಮತ್ತೂ ಎರಡು ತಿಂದಿದ್ದೇನೆ. ಕಾಲೇಜಿಗೆ ಕಲಬುರಗಿಗೆ ಹೋದ ಮೇಲೆ ಹಟ ಹಿಡಿದು 'ಆಫ್' ಅನ್ನುವುದನ್ನೇ ರೂಢಿ ಮಾಡಿಕೊಂಡೆ.

ಕಾಕಾನದು ಮದ್ದಿನ ಕೆಲಸ. ಶಹಾಪುರದ ಸುತ್ತಲಿನ ಕಲ್ಲಿನ ಕ್ವಾರಿಗಳಲ್ಲಿ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವವನು. ಲೈಸೆನ್ಸ್ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದೇವರ ಜಗುಲಿಯ ಮೇಲೆ ಇಡುತ್ತಿದ್ದ. ಕೈ ತುಂಬ ಕಲ್ಲಿನ ಚೂರು ಹೊಕ್ಕ ಗುರುತು, ಎಡಗೈಯ ಕಿರುಬೆರಳು ಅರ್ಧ. ಜೊತೆಯವರು ಸಂಜೆ ಕುಡಿಯಲು ಸೆರೆ ಅಂಗಡಿಗೆ ತಿರುಗಿದರೆ ಇವನು ನೆಟ್ಟಗೆ ಮನೆಗೆ ಬರುತ್ತಿದ್ದ. "ಮದ್ದು ಮುಟ್ಟೋ ಕೈ ಸೆರೆ ಮುಟ್ಟಬಾರ್ದು. ಎರಡಕ್ಕೂ ಒಂದ ಮನಷ್ಯಾ ಸಾಲಂಗಿಲ್ಲ" ಅನ್ನುತ್ತಿದ್ದ. ಆ ಮನೆಯಲ್ಲಿ ನನ್ನ ಮೇಲೆ ಕೈ ಎತ್ತದವನು ಅವನೊಬ್ಬನೇ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ ನನಗೆ ಒಂದು ಕೆಲಸ ಸಿಕ್ಕಿತು. ಹೊರಗಿನವರ ಸಣ್ಣ ಕಂಪನಿ. ಯಾದಗಿರಿ ದಾಟಿ, ಗುರುಮಠಕಲ್ ದಾರಿಯಿಂದ ಒಳಗೆ, ಬೆಳೆಗೆ ಬಾರದ ಬಂಡೆಗಲ್ಲಿನ ಜಾಗ ಹಿಡಿದು ಶೆಡ್ ಹಾಕಿದ್ದರು. ಮಾಡುತ್ತಿದ್ದದ್ದು ರಾಕೆಟ್ಟಿಗೆ ಮೊದಲ ನೂಕು ಕೊಡುವ ಬೂಸ್ಟರುಗಳ ಸಣ್ಣ ಮಾದರಿ. ಆಕಾಶಕ್ಕೆ ಹಾರಿಸುವ ಜಾಗ ಅದಲ್ಲ. ಕೊಳವೆಯನ್ನು ನೆಲಕ್ಕೆ ಅಡ್ಡ ಮಲಗಿಸಿ, ಕಾಂಕ್ರೀಟಿಗೆ ಬಿಗಿದು, ಅಲ್ಲೇ ಹೊತ್ತಿಸಿ, ಎಷ್ಟು ಒತ್ತುತ್ತದೆ ಎಂದು ಅಳೆಯುವುದು ಅಷ್ಟೇ. ನಾನು ಸುರಕ್ಷತಾ ಸಹಾಯಕಿ. ಬೆಂಗಳೂರಿನಿಂದ ಬಂದ ಇಂಜಿನಿಯರ ಮಾತನ್ನು ಇಲ್ಲಿನ ಆಳುಗಳಿಗೆ ಮುಟ್ಟಿಸುವುದೂ ನನ್ನ ಕೆಲಸವೇ.

ಆ ಬೂಸ್ಟರಿನ ಗುಣ ಕೆಟ್ಟದ್ದು. ದ್ರವ ಇಂಧನದ ಎಂಜಿನ್ನಿಗೆ ನಲ್ಲಿ ಇರುತ್ತದೆ, ಎಡವಟ್ಟಾದರೆ ತಿರುಗಿಸಿ ಮುಚ್ಚಬಹುದು. ಇದಕ್ಕೆ ನಲ್ಲಿ ಇಲ್ಲ. ಇಂಧನವನ್ನು ಇಡ್ಲಿ ಹಿಟ್ಟಿನ ಹದದಲ್ಲಿ ಕೊಳವೆಗೆ ಸುರಿದು, ಬಿಸಿಯಲ್ಲಿಟ್ಟು ಗಟ್ಟಿ ಮಾಡಿರುತ್ತಾರೆ. ಒಳಗೆ ಒಂದು ಕೂದಲೆಳೆಯಷ್ಟು ಬಿರುಕು ಉಳಿದರೂ ಬೆಂಕಿ ಅದರೊಳಗೆ ಇಳಿಯುತ್ತದೆ, ಉರಿಯುವ ಮೈ ಹೆಚ್ಚುತ್ತದೆ, ಒತ್ತಡ ಏರಿ ಉಕ್ಕು ಹರಿದುಹೋಗುತ್ತದೆ. ಒಮ್ಮೆ ಹೊತ್ತಿತೋ, ಉರಿದು ಮುಗಿಯುವ ತನಕ ನಿಲ್ಲಿಸುವವರು ಯಾರೂ ಇಲ್ಲ. ಮೇಲೆ ಉಪಗ್ರಹ ಇರಲಿ, ಮನುಷ್ಯರೇ ಕೂತಿರಲಿ, ಅದಕ್ಕೇನು? ಹಾಗಾಗಿ ಬೂಸ್ಟರಿನ ಸುರಕ್ಷತೆ ಅಂದರೆ ಎಲ್ಲವೂ ಹೊತ್ತಿಸುವ ಮೊದಲಿನ ಮಾತು. ಒಳಗೆ ಹೋಗುವ ಮುಂಚೆ ತಾಮ್ರದ ತಗಡು ಮುಟ್ಟಿ ಮೈಯ ಕರೆಂಟು ಇಳಿಸಬೇಕು. ಹತ್ತಿ ಬಟ್ಟೆಯೇ ಉಡಬೇಕು. ಬಳೆ, ಸರ, ಮೊಬೈಲು ಹೊರಗೆ. ಚಿಗವ್ವ ಇದನ್ನು ಕೇಳಿ, "ಬರಿಗೈಲೆ ದುಡಿಯಾಕ ಹೊಂಟಾಳ ನೋಡ್ರಿ ಮಹಾರಾಣಿ" ಎಂದು ಓಣಿಗೆಲ್ಲ ಕೇಳುವಂತೆ ಬೈದಿದ್ದಳು.

ಹೊತ್ತದೆ ಉಳಿದ ಕೊಳವೆಯ ಹತ್ತಿರ ಹೋಗುವವನು ಯಾರು? ಕಂಪನಿಯವರಿಗೆ ಅಂಥ ಕೆಲಸ ಬಲ್ಲ ಆಳು ಬೇಕಾಗಿತ್ತು. ಕಾಕಾ ದುಡಿಯುತ್ತಿದ್ದ ಕ್ವಾರಿ ಆಗ ಮುಚ್ಚಿತ್ತು. ಸಿಡಿಯದ ಮದ್ದಿನ ತೂತು ನೋಡಿ ನೋಡಿ ಅವನ ತಲೆ ಹಣ್ಣಾಗಿತ್ತು. ನಾನೇ ಅವನ ಹೆಸರು ಹೇಳಿದೆ. ಮೊದಲ ದಿನ ಕೊಳವೆಯ ಸುತ್ತ ಒಂದು ಸುತ್ತು ಹಾಕಿ, "ಇಷ್ಟೇ ಏನು? ಬಂಡಿಗಲ್ಲಿಗೆ ತುಂಬೋದನ್ನ ಕೊಳವಿಗೆ ತುಂಬ್ಯಾರ" ಅಂದ. ಆಮೇಲೆ ಇಂಜಿನಿಯರು ಬೆಂಕಿ ಬರುವ ಬಾಯಿಯ ಎದುರು ನಿಂತು ವಿವರಿಸುತ್ತಿದ್ದಾಗ, ತೋಳು ಹಿಡಿದು ದರದರ ಎಳೆದು ಪಕ್ಕಕ್ಕೆ ನಿಲ್ಲಿಸಿದ. "ತುಂಬಿದ್ದರ ಬಾಯಿಗೆ ನಿಂದರಬಾರ್ದ್ರಿ ಸಾಹೇಬ್ರ, ಖಾಲಿ ಇದ್ರೂ ನಿಂದರಬಾರ್ದು." ಇಂಜಿನಿಯರು ಒಳ್ಳೆಯವರು. ಮುನಿಸಿಕೊಳ್ಳದೆ ಅದನ್ನು ನಿಯಮದ ಪಟ್ಟಿಗೆ ಸೇರಿಸಿದರು.

ಆ ದಿನ ಮಧ್ಯಾಹ್ನ ಪರೀಕ್ಷೆ ಇತ್ತು. ಜಾಗದ ವ್ಯವಸ್ಥೆ ಹೇಗಿತ್ತೆಂದು ಹೇಳಿಬಿಡುತ್ತೇನೆ. ನಡುವೆ ಕೊಳವೆ. ಅದರ ಹತ್ತಿರ ಒಂದು ಕಂಬ, ಕಂಬದ ಮೇಲೆ ಕೆಂಪು ದೀಪ. ಹೊತ್ತಿಸುವ ತಂತಿಯಲ್ಲಿ ಕರೆಂಟು ಇದ್ದರೆ ದೀಪ ಉರಿಯುತ್ತದೆ. ದೂರದಲ್ಲಿ ಮರಳಿನ ಚೀಲ ಒಟ್ಟಿದ ಕೋಣೆ, ಅದರಲ್ಲಿ ಇಂಜಿನಿಯರು ಮತ್ತು ನಾನು. ಇನ್ನೊಂದು ಬದಿಗೆ ದೊಡ್ಡ ಬಂಡೆಯ ಮರೆಯಲ್ಲಿ ಕಾಕಾ. ದೀಪದ ಮುಖ ನಮ್ಮ ಕಡೆ ಇತ್ತು, ಅವನಿಗೆ ಕಾಣುತ್ತಿರಲಿಲ್ಲ. ಅವನಿಗೆ ನಾನು ವಾಕಿಟಾಕಿಯಲ್ಲಿ ಹೇಳಿದ್ದೇ ದೀಪ.

ಎಣಿಕೆ ಮುಗಿಯಿತು, ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಒಂದೆಳೆ ಹೊಗೆಯೂ ಇಲ್ಲ. ಇಂಜಿನಿಯರು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಕೀಲಿ ತೆಗೆದರೆ ದೀಪ ಪೂರ್ತಿ ಹೋಗಬೇಕು. ಹೋಗಲಿಲ್ಲ, ಮಂಕಾಗಿ ಉಳಿಯಿತು.

"ಕಾಕಾ, ಹೊತ್ತಿಲ್ಲ. ಅಲ್ಲೇ ಕೂಡು. ದೀಪ ಸಣ್ಣಗಾಗ್ಯಾದ, ಇನ್ನೂ ಅದ" ಅಂದೆ.

"ಕೂತೀನಿ ತಾಯಿ. ಪೂರ್ತಿ ಆದಮ್ಯಾಲ ಹೇಳು."

ನಿಯಮದ ಪ್ರಕಾರ ಅರ್ಧ ತಾಸು ಕಾಯಬೇಕು, ಮತ್ತು ದೀಪ ಹೋಗಿರಬೇಕು. ಎರಡೂ ಆದ ಮೇಲೆ ಒಬ್ಬನೇ ಹೋಗಿ ತಂತಿ ಬಿಚ್ಚಬೇಕು. ಅರ್ಧ ತಾಸು ಕಳೆಯಿತು, ಮತ್ತೂ ಸ್ವಲ್ಪ ಕಳೆಯಿತು. ಆ ಕೆಂಪು ಚುಕ್ಕೆ ಹಾಗೇ ಇತ್ತು. ಇಂಜಿನಿಯರು ಬಗ್ಗಿ ಪೆಟ್ಟಿಗೆಯ ತಂತಿಗಳನ್ನು ನೋಡುತ್ತಿದ್ದರು. ತಲೆ ಎತ್ತಿದವರೇ ಕಿರುಚಿದರು.

"ದೀಪ ದೊಡ್ಡದಾಯ್ತು! ದೊಡ್ಡದಾಯ್ತು ನೋಡಿ, ಹೇಳಿ ಅವರಿಗೆ, ಬೇಗ!"

ನಾನೂ ನೋಡಿದೆ. ಯಾರೂ ಮುಟ್ಟದೆ, ಕೀಲಿ ಇಲ್ಲದೆ, ದೀಪ ಕೆಂಡದ ಹಾಗೆ ಕೆಂಪಗಾಗಿತ್ತು. ವಾಕಿಟಾಕಿ ಬಾಯಿಗೆ ಒತ್ತಿಕೊಂಡು ಹೇಳಿದೆ:

"ಕಾಕಾ, ದೀಪ ದೊಡ್ಡದಾತು! ಹುಷಾರ್!"

"ಆತು" ಅಂದ.

ಇಂಜಿನಿಯರ ಮಾತನ್ನು ನಾನು ಬದಲಿಸಲಿಲ್ಲ. 'ದೊಡ್ಡದಾಯ್ತು' ಅನ್ನುವುದರ ಬಾಲವನ್ನಷ್ಟೇ ನಮ್ಮೂರಿನದು ಮಾಡಿದೆ, ಯಾವಾಗಲೂ ಮಾಡುತ್ತಿದ್ದ ಹಾಗೆ. ಅವರು ಹೇಳಿದ ಹಾಗೇ ಹೇಳಿದ್ದರೆ ಬೆಂಗಳೂರಿನವರ ಮಾತೆಂದು, ದೀಪ ಜೋರಾಗಿದೆ ಎಂದೇ ಕಾಕಾ ತಿಳಿಯುತ್ತಿದ್ದನೇನೋ. 'ದೊಡ್ಡದಾತು' ಅಂದದ್ದು ಅವನ ಕಿವಿಗೆ ಚಿಗವ್ವನ ಮಾತು. ದೀಪ ಹೋಯಿತು, ಬಾ, ಹುಷಾರಾಗಿ ತಂತಿ ಬಿಚ್ಚು.

ಅವನು ಬಂಡೆಯ ಮರೆಯಿಂದ ಹೊರಗೆ ಬಂದದ್ದು ಕಂಡಿತು. ರುಮಾಲು ಬಿಗಿದುಕೊಳ್ಳುತ್ತ ಕೊಳವೆಯ ಕಡೆ ನಡೆದ. ನಾನು ಗುಂಡಿ ಒತ್ತಿ, "ಬ್ಯಾಡ ಕಾಕಾ, ಬ್ಯಾಡ, ತಿರುಗು" ಅಂತ ಕೂಗಿದೆ. ಅವನು ತಿರುಗಲಿಲ್ಲ. ಹೊತ್ತಿಸುವ ತಂತಿಯ ಹತ್ತಿರ ಹೋಗುವಾಗ ವಾಕಿಟಾಕಿ ಬಂದ್ ಮಾಡಿ ಬಂಡೆಯ ಹತ್ತಿರವೇ ಇಟ್ಟು ಹೋಗಬೇಕು, ಅದರ ರೇಡಿಯೋ ಅಲೆಗೂ ಮದ್ದು ಹೊತ್ತೀತು ಎಂಬುದು ನಿಯಮ. ಆ ನಿಯಮವನ್ನು ಅವನಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಅವನು ಚಾಚೂ ತಪ್ಪದೆ ಪಾಲಿಸಿದ್ದ.

ಬಾಗಿಲು ಒದ್ದು ಹೊರಗೆ ಓಡಿದೆ. ಇಂಜಿನಿಯರು ಹಿಂದಿನಿಂದ ಸೊಂಟ ಹಿಡಿದರು. ಮೊಣಕೈಯಿಂದ ಅವರ ಬಾಯಿಗೆ ಗುದ್ದಿದೆ, ರಕ್ತ ಬಂತು, ಬಿಡಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಅದು ಅವನಿಗೆ ಕೇಳಿಸಿತು. ಕೊಳವೆಯ ಪಕ್ಕ ಬಗ್ಗುತ್ತಿದ್ದವನು ನನ್ನ ಕಡೆ ಮುಖ ತಿರುಗಿಸಿದ.

ಆಗ ಹೊತ್ತಿತು.

ಸದ್ದು ಕಿವಿಗೆ ಬರಲಿಲ್ಲ, ಎದೆಗೆ ಬಡಿಯಿತು. ಬಿಳಿ ಬೆಂಕಿ ಹಿಂದಿನ ಬಂಡೆಯ ತನಕ ಚಾಚಿ ಬಂಡೆಯನ್ನೇ ನೆಕ್ಕಿತು, ಕಲ್ಲಿನ ಸಿಪ್ಪೆ ಚಟಚಟ ಸಿಡಿಯಿತು. ಕಾಕಾ ಬಾಯಿಗೆ ನಿಂತಿರಲಿಲ್ಲ, ಪಕ್ಕಕ್ಕೆ ನಿಂತಿದ್ದ. ಅದಕ್ಕೇ ಸುಟ್ಟು ಬೂದಿಯಾಗಲಿಲ್ಲ. ಗಾಳಿಯೇ ಅವನನ್ನು ಎತ್ತಿ ಒಗೆಯಿತು. ರುಮಾಲು ಉರಿಯುತ್ತಿತ್ತು. ಎದ್ದು ನಿಂತು ಎರಡು ಹೆಜ್ಜೆ ಇಟ್ಟು ಮತ್ತೆ ಬಿದ್ದ. ನಾವು ಹೋಗುವ ಹಾಗಿಲ್ಲ, ಕೊಳವೆ ಇನ್ನೂ ಉರಿಯುತ್ತಿತ್ತು. ನೀರು, ಮರಳು, ದೇವರು, ಯಾವುದೂ ಅದನ್ನು ನಿಲ್ಲಿಸುವುದಿಲ್ಲವೆಂದು ಓದಿದವಳು ನಾನು. ನನ್ನ ಕಣ್ಣೆದುರು ಅವನು ಮೊಣಕಾಲ ಮೇಲೆ ತೆವಳುತ್ತಿದ್ದ, ಯಾವ ಕಡೆ ತೆವಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಕೊಳವೆ ಉದ್ದಕ್ಕೆ ಸೀಳಿ ಒಡೆಯಿತು. ಒಂದು ಉಕ್ಕಿನ ಚೂರು ಅವನ ಬಲ ಮುಂಗೈಗೆ ಬಡಿಯಿತು.

ಹೋಗಿ ಎತ್ತಿದಾಗ ಅವನ ತೋಳಿನ ಚರ್ಮ ನನ್ನ ಅಂಗೈಗೆ ಅಂಟಿಕೊಂಡು ಬಂತು. ಮುಖ ಊದಿ ಕಣ್ಣು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. "ಯಾರಿಗರೆ ಬಡದದೇನು?" ಎಂದು ಕೇಳಿದ. ಅಷ್ಟೇ ಕೇಳಿದ.

ದವಾಖಾನೆಯಲ್ಲಿ ಒಂದು ವಾರ ಅವನು ಬದುಕುವುದೇ ಖಾತ್ರಿ ಇರಲಿಲ್ಲ. ಬಲಗೈಯನ್ನು ಮುಂಗೈ ತನಕ ತೆಗೆದರು. ಎರಡು ಕಣ್ಣೂ ಹೋದವು. ಅವನಿಗೆ ಸರಿಯಾಗಿ ಮಾತು ಬಂದ ದಿನ ಚಿಗವ್ವ ಚಮಚೆಯಲ್ಲಿ ಗಂಜಿ ಕುಡಿಸುತ್ತಿದ್ದಳು, ನಾನು ಕಾಲಿನ ಕಡೆ ನಿಂತಿದ್ದೆ.

"ಹುಡುಗಿ ದೀಪ ದೊಡ್ಡದಾತು ಅಂತ ಹೇಳಿದ್ಲಲ" ಅಂದ ಅವಳಿಗೆ. "ಮತ್ತ ಹೆಂಗ ಹೊತ್ತಿತು?"

ಚಿಗವ್ವ ಚಮಚೆ ಇಟ್ಟು ನನ್ನನ್ನು ನೋಡಿದಳು. ಅಲ್ಲಿಯ ತನಕ ನನಗೂ ತಿಳಿದಿರಲಿಲ್ಲ. ಅವಳ ಮುಖ ನೋಡಿದಾಗ ತಿಳಿಯಿತು. ಹೊರಗೆ ಕರೆದುಕೊಂಡು ಹೋಗಿ, ನೀರಿನ ಟಾಕಿಯ ಹಿಂದೆ, ಬಾಯಿ ಮಾತಿಲ್ಲದೆ ಹೊಡೆದಳು. ಕೈ ಸೋತ ಮೇಲೆ ಅಲ್ಲೇ ಬಿದ್ದಿದ್ದ ಕಸಬರಿಗೆ ತಗೊಂಡಳು. ನಾನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆದಷ್ಟೂ ಇನ್ನೂ ಬೇಕು ಅನಿಸುತ್ತಿತ್ತು. ಆಮೇಲೆ ಅವಳು ಟಾಕಿಗೆ ಒರಗಿ ಕೂತು ಅತ್ತಳು, ನಾನು ಅವಳ ಪಕ್ಕ ಕೂತು ಅತ್ತೆ.

ಗಾಯದ ಮೇಲೆ ಬರೆ ಎಳೆದದ್ದು ಕಂಪನಿಯ ಮ್ಯಾನೇಜರು. ಕೆಂಪು ದೀಪ ಉರಿಯುತ್ತಿದ್ದರೂ, ಎಚ್ಚರಿಕೆ ಕೊಟ್ಟರೂ, ಆಳು ತಾನಾಗಿ ಹತ್ತಿರ ಹೋದ, ಕುಡಿದಿದ್ದಿರಬೇಕು ಎಂದು ಬರೆದು ಕೊಟ್ಟರು. ಸುರಪುರದಲ್ಲಿ ಸುದ್ದಿ ಬಸ್ಸಿಗಿಂತ ಮೊದಲು ಮುಟ್ಟಿತು. ಬಾಯಿಗೆ ಹನಿ ಸೆರೆ ಸೋಕಿಸದೆ ಇಡೀ ಆಯುಷ್ಯ ಮದ್ದಿನ ನಡುವೆ ಕಳೆದವನನ್ನು ಕುಡುಕ ಅಂದರು. ಮ್ಯಾನೇಜರು ಹಣ್ಣಿನ ಚೀಲ ಹಿಡಿದು ದವಾಖಾನೆಗೆ ಬಂದಾಗ, ಆ ಮಾತು ಎಲ್ಲಿಂದ ತಂದಿರಿ ಎಂದು ಕೇಳಿದೆ. "ಹಳ್ಳಿ ಜನ, ಅಭ್ಯಾಸ ಇದ್ದೇ ಇರುತ್ತಲ್ಲಮ್ಮ" ಅಂದರು. ಕಾಲಲ್ಲಿದ್ದದ್ದು ಕೈಗೆ ಬಂತು. ಎರಡು ಏಟು ಸರಿಯಾಗಿ ಬಿದ್ದವು, ಮೂರನೆಯದನ್ನು ವಾರ್ಡಿನ ಆಯಾ ತಡೆದಳು. ಹೊಡೆದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಅದನ್ನು ಕೇಳಿಯೂ ಚಿಗವ್ವ ನನ್ನನ್ನು ಹೊಗಳಲಿಲ್ಲ. "ಚಪ್ಪಲಿಲೆ ಹೊಡದ್ರ ನಿಮ್ಮ ಕಾಕಾನ ಹೆಸರು ತೊಳದಂಗ ಆಗಂಗಿಲ್ಲ" ಅಂದಳು. "ಕಣ್ಣು ತರಾಕ ನಿನ್ನ ಕೈಲಿ ಆಗಂಗಿಲ್ಲ. ಹೆಸರು ತೊಗೊಂಡು ಬಾ."

ಅಪಘಾತದ ಸರ್ಕಾರಿ ವಿಚಾರಣೆ ಯಾದಗಿರಿಯಲ್ಲಿ, ಒಂದು ಕಚೇರಿಯ ಮಹಡಿಯ ಮೇಲೆ ನಡೆಯಿತು. ಮೂವರು ಅಧಿಕಾರಿಗಳು. ನಡುವೆ ಕೂತ ಹಿರಿಯರೇ ಪ್ರಶ್ನೆ ಕೇಳುತ್ತಿದ್ದರು. ಪರೀಕ್ಷೆಯ ಮಾತೆಲ್ಲ ಕೋಣೆಯಲ್ಲಿ ರೆಕಾರ್ಡ್ ಆಗುತ್ತಿತ್ತು, ಅದನ್ನು ಹಾಕಿದರು. ನನ್ನ ದನಿ ಬಂತು. ದೀಪ ದೊಡ್ಡದಾತು, ಹುಷಾರ್. ಅವನ ದನಿ ಬಂತು. ಆತು.

"ಸ್ಪಷ್ಟವಾಗಿದೆಯಲ್ಲ" ಅಂದರು ಹಿರಿಯರು. "ದೀಪ ಜೋರಾಗಿದೆ, ಎಚ್ಚರ ಅಂತ ನೀವು ಹೇಳಿದ್ದೀರಿ. ಅವರು ಒಪ್ಪಿಕೊಂಡಿದ್ದಾರೆ. ಆಮೇಲೂ ಹೋಗಿದ್ದಾರೆ. ನಿಮ್ಮದೇನೂ ತಪ್ಪಿಲ್ಲಮ್ಮ."

ಒಂದು ಗಳಿಗೆ ನನಗೆ ಹಗುರವಾಯಿತು. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ. ಎದ್ದು ನಮಸ್ಕಾರ ಮಾಡಿ, ಶಹಾಪುರದ ಬಸ್ಸು ಹಿಡಿದು, ಭೀಮಾ ಸೇತುವೆ ದಾಟಿ ಮನೆ ಸೇರಬಹುದಿತ್ತು. ನನ್ನ ನೌಕರಿಯೂ ಉಳಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಿರಲಿಲ್ಲ, ಆ ಪೆಟ್ಟಿಗೆಯೊಳಗೆ ಕೂತು ಅವನ ಮೇಲೆ ಸಾಕ್ಷಿ ಹೇಳುತ್ತಿತ್ತು.

"ನಾನು ಹೇಳಿದ್ದು ದೀಪ ಆರಿತು ಅಂತ, ಸರ್" ಅಂದೆ.

ಅವರು ಕನ್ನಡಕ ತೆಗೆದರು. "ದೊಡ್ಡದಾತು ಅಂತ ಕೇಳಿಸ್ತಿದೆ."

"ನಮ್ಮ ಮನ್ಯಾಗ ಅದಕ್ಕ ಆರಿತು ಅಂತ ಅರ್ಥ."

ಮ್ಯಾನೇಜರು ಜೋರಾಗಿ ನಕ್ಕರು. ಈಕೆ ನನ್ನ ಮೇಲೆ ಚಪ್ಪಲಿ ಎತ್ತಿದವಳು, ಈಗ ಕತೆ ಕಟ್ಟುತ್ತಿದ್ದಾಳೆ ಅಂದರು. ಹಿರಿಯರಿಗೂ ನಂಬಿಕೆ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕುರ್ಚಿ ಹಿಂದಕ್ಕೆ ದಬ್ಬಿ ಹೊರಗೆ ಹೋದೆ. ವರಾಂಡದಲ್ಲಿ ವಡಗೇರಾ ಕಡೆಯ ಒಬ್ಬ ಮುದುಕಿ ಪಿಂಚಣಿಯ ಕಾಗದ ಹಿಡಿದು ಕೂತಿದ್ದಳು. ಮೊದಲು ಎಂದೂ ನೋಡಿದವಳಲ್ಲ. ಕೈ ಹಿಡಿದು ಒಳಗೆ ಕರೆತಂದೆ. ತನ್ನ ಪಾಳಿ ಬಂತೆಂದು ಕಾಗದವನ್ನು ನೇರ ಸಾಹೇಬರ ಮೇಜಿನ ಮೇಲೆ ಇಟ್ಟಳು.

"ಯವ್ವಾ, ಸಂಜಿಕ ಹಚ್ಚಿದ ದೀಪ ದೊಡ್ಡದು ಮಾಡು ಅಂದ್ರ ಏನ ಮಾಡ್ತಿ? ಸಾಹೇಬ್ರಿಗೆ ಹೇಳು."

ಮುದುಕಿ ನನ್ನನ್ನು ನೋಡಿದಳು, ಸಾಹೇಬರನ್ನು ನೋಡಿದಳು. ಇಷ್ಟು ಓದಿದವರಿಗೆ ಇದು ಗೊತ್ತಿಲ್ಲವೇ ಎಂದು ಅವಳಿಗೆ ಮರುಕ ಬಂದಿರಬೇಕು.

"ಸೆರಗ ಬೀಸೋದ್ರಿ" ಎಂದು ಸೆರಗು ಬೀಸಿ ತೋರಿಸಿದಳು. "ಬಾಯಿಲೆ ಊದಬಾರ್ದ್ರಿ ಯಪ್ಪಾ, ಮನಿಗಿ ಚಲೋ ಅಲ್ಲ. ನನ್ನ ಕಾಗದ ಆತೇನ್ರಿ?"

ಯಾರೂ ನಗಲಿಲ್ಲ. ಹಿರಿಯರು ಅವಳ ಕಾಗದವನ್ನು ಕೈಗೆ ತೆಗೆದುಕೊಂಡರು. "ನಮ್ಮಜ್ಜಿ ಕೂಡ..." ಅಂದು ಅಲ್ಲಿಗೇ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಎರಡೂ ಅರ್ಥ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಿದ್ರೆ ತಪ್ಪು ಯಾರದು ಅಂತ ಬರೀಲಿ?"

"ನಂದು" ಅಂದೆ.

ವರದಿಯಲ್ಲಿ ಎರಡು ತಪ್ಪು ಬರೆದರು. ಕೀಲಿ ತೆಗೆದರೂ ತಂತಿಗೆ ಕರೆಂಟು ಹೋದದ್ದು ಕಂಪನಿಯದು, ತಪ್ಪು ಸಂದೇಶ ಕೊಟ್ಟದ್ದು ನನ್ನದು. ಕಾಕಾನ ಬಗ್ಗೆ ಒಂದೇ ಸಾಲು. ನಿಯಮ ಮೀರಿಲ್ಲ, ಕುಡಿದಿರಲಿಲ್ಲ. ಆ ಸಾಲಿನ ಕೆಳಗೆ ಗೆರೆ ಎಳೆದು ಪ್ರತಿ ಮಾಡಿಸಿಕೊಂಡು ಹೋದೆ. ಚಿಗವ್ವ ಅದನ್ನು ಓಣಿಯಲ್ಲಿ ಯಾರ್ಯಾರು ಏನೇನು ಅಂದಿದ್ದರೋ ಅವರ ಮನೆಗೇ ಹೋಗಿ, ಅವರ ಮಕ್ಕಳಿಂದಲೇ ಜೋರಾಗಿ ಓದಿಸಿದಳು. ಒಬ್ಬನ ಅಂಗಿ ಹಿಡಿದು ಎರಡು ಸಲ ಓದಿಸಿದಳಂತೆ.

ಕಾಕಾನಿಗೆ ನಾನೇ ಓದಿ ಹೇಳಿದೆ. ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ನನ್ನ ತಪ್ಪಿನ ಸಾಲು ಬಂದಾಗ ತಡೆದ.

"ಅದನ್ನ ಯಾಕ ಬರಸಿದಿ?"

"ಖರೇ ಅದ ಕಾಕಾ."

"ನಿನ್ನ ನೌಕರಿ?"

"ಹೋತು."

ಉಳಿದ ಕೈಯಿಂದ ಕಟ್ಟೆಯ ಕಲ್ಲನ್ನು ಗುದ್ದಿದ, ಗೆಣ್ಣು ಒಡೆದು ರಕ್ತ ಬರುವ ತನಕ ಗುದ್ದಿದ. ಅವನಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಕೈ ಹಿಡಿದು ನಿಲ್ಲಿಸಿ, ನನ್ನಿಂದ ತಪ್ಪಾಯಿತು ಕಾಕಾ, ನನ್ನನ್ನು ಬೈ, ಹೊಡಿ, ಏನಾದರೂ ಮಾಡು ಅಂದೆ. ಅವನ ಉಸಿರು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ತಪ್ಪು ನಂದು" ಅಂದ. "ಮದ್ದಿನ ಕೆಲಸದಾಗ ಯಾರ ಮಾತೂ ಒಂದ ಸಲಕ್ಕ ನಂಬಿದಾಂವಲ್ಲ ನಾ. ಏನಂದಿ, ಇನ್ನೊಮ್ಮಿ ಹೇಳು ಅಂತ ಕೇಳಾಂವ. ಮುಕಾದಮನ್ನೂ ಕೇಳೀನಿ, ಮಾಲಕನ್ನೂ ಕೇಳೀನಿ. ಅವತ್ತ ಕೇಳಲಿಲ್ಲ."

"ಯಾಕ ಕಾಕಾ?"

"ಹೇಳಿದಾಕಿ ನೀ ಇದ್ದಿ."